ಚಳಿಗೆ ಜಗ್ಗದ ಕತ್ತಾಳೆ ತೇವಕ್ಕೆ ಸೋಲುವುದೇಕೆ?

ಫೆಬ್ರುವರಿಯ ಒಂದು ಬೆಳಗು. ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್‌ನಲ್ಲಿ ರಾತ್ರಿ ಸುರಿದ ಹಿಮ ಈಗಷ್ಟೇ ನಿಂತಿದೆ. ಥರ್ಮಾಮೀಟರ್ ಮೈನಸ್ 18 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದೆ. ರಸ್ತೆಯ ಆಚೆ ಹುಲ್ಲುಹಾಸು, ಪೊದೆ, ನಿಲ್ಲಿಸಿದ ಕಾರು ಎಲ್ಲವೂ ಬೆಳ್ಳಗೆ ಮುಚ್ಚಿಹೋಗಿವೆ. ಈಚೆ ಬದಿಯ ಮನೆಯ ಮುಂದೆ, ದಕ್ಷಿಣಕ್ಕೆ ಇಳಿಜಾರಾದ ಜಲ್ಲಿಯ ದಿಬ್ಬದ ಮೇಲೆ, ದಪ್ಪನೆಯ ಬೂದುನೀಲಿ ಎಲೆಗಳನ್ನು ಸುತ್ತಲೂ ಹರಡಿಕೊಂಡು ಒಂದು ಗಿಡ ಕೂತಿದೆ. ಎಲೆಯ ಅಂಚಿನಲ್ಲಿ ಕೊಕ್ಕೆಮುಳ್ಳು, ತುದಿಯಲ್ಲಿ ಕಪ್ಪು ಸೂಜಿ. ಹಿಮದಿಂದ ಮೇಲೆದ್ದು ಕಾಣುತ್ತಿರುವುದು ಆ ಸೂಜಿಗಳಷ್ಟೆ. ಬಿಸಿಲೇರಿದಂತೆ ದಿಬ್ಬದ ಹಿಮ ಕರಗಿ ಜಲ್ಲಿಯೊಳಗೆ ಇಳಿದುಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಿಡದ ಬುಡ ಒಣಗಿರುತ್ತದೆ.

ಆ ಗಿಡ ಕತ್ತಾಳೆ. ಇಂಗ್ಲಿಷಿನವರು ಅಗೇವ್ ಎನ್ನುವ ಕುಲಕ್ಕೆ ಸೇರಿದ್ದು.

ಕತ್ತಾಳೆ ಎಂದರೆ ಬಿಸಿಲು ಎಂದೇ ನಮ್ಮ ಲೆಕ್ಕ. ತುಮಕೂರು, ಚಿತ್ರದುರ್ಗ, ಕೋಲಾರದ ಕಡೆ ಹೊಲದ ಬದುವಿನಲ್ಲಿ ದನ ಒಳನುಗ್ಗದಂತೆ ಬೇಲಿಯಾಗಿ ನಿಂತದ್ದು, ರೈಲು ಹಳಿಯ ಪಕ್ಕ ಯಾರೂ ನೀರೆರೆಯದೆ ಬೆಳೆದದ್ದು, ಎಲೆ ಕೊಳೆಹಾಕಿ ನಾರು ತೆಗೆದು ಹಗ್ಗ ಹೊಸೆದದ್ದು ನಮಗೆ ಗೊತ್ತು. ಚಳಿಯ ಪರೀಕ್ಷೆಯನ್ನು ಮಾತ್ರ ನಮ್ಮ ಕತ್ತಾಳೆ ಬರೆದೇ ಇಲ್ಲ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನೀರು ಕಲ್ಲಾಗುವ ರಾತ್ರಿ ಇಲ್ಲಿನ ಗಿಡಕ್ಕೆ ಬಂದಿಲ್ಲ.

ಹಾಗಿದ್ದರೆ ಅದೇ ಕುಲದ ಗಿಡ ಡೆನ್ವರ್‌ನಲ್ಲಿ ಹೊದಿಕೆಯಿಲ್ಲದೆ, ಗಾಜಿನ ಮನೆಯಿಲ್ಲದೆ, ಬಯಲಿನಲ್ಲೇ ಚಳಿಗಾಲ ಕಳೆಯುವುದು ಹೇಗೆ? ಅದಕ್ಕಿಂತ ಬೆಚ್ಚಗಿರುವ ಊರುಗಳಲ್ಲಿ ಅದೇ ಗಿಡ ಕೊಳೆತು ಸಾಯುವುದೇಕೆ? ಈ ಎರಡು ಪ್ರಶ್ನೆಗಳಿಗೂ ಉತ್ತರ ಥರ್ಮಾಮೀಟರಿನಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ. ಗಿಡದ ಬುಡದಲ್ಲಿ, ಮಣ್ಣಿನಲ್ಲಿ ಹುಡುಕಬೇಕು.

ಬೆಟ್ಟದ ಮೇಲಿನ ತವರು

ಕತ್ತಾಳೆ ಕುಲದಲ್ಲಿ 200ಕ್ಕೂ ಹೆಚ್ಚು ಜಾತಿಗಳಿವೆ. ಎಲ್ಲದರ ತವರೂ ಅಮೆರಿಕ ಖಂಡ. ಅದರಲ್ಲೂ ಹೆಚ್ಚಿನವು ಮೆಕ್ಸಿಕೊ ದೇಶದವು. ನಮ್ಮ ಬದುವಿನ ಕತ್ತಾಳೆಯೂ ಕಡಲು ದಾಟಿ ಬಂದದ್ದೇ.

ಈ 200 ಜಾತಿಗಳು ಒಂದೇ ಹವೆಯಲ್ಲಿ ಹುಟ್ಟಿದವಲ್ಲ. ಕೆಲವು ಬೆಚ್ಚನೆಯ ಕಡಲತೀರದವು, ಕೆಲವು ಸುಡುವ ಮರುಭೂಮಿಯವು, ಇನ್ನು ಕೆಲವು ಎರಡು ಸಾವಿರ ಮೀಟರಿಗೂ ಎತ್ತರದ ಬೆಟ್ಟಗಳಲ್ಲಿ ಪೈನ್ ಮತ್ತು ಓಕ್ ಮರಗಳ ನಡುವೆ ಬೆಳೆಯುವಂಥವು. ಮರುಭೂಮಿ ಎಂದರೆ ಹಗಲಿರುಳು ಕಾದ ಮರಳು ಎಂದುಕೊಂಡವರಿಗೆ ಅರಿಝೋನಾ, ನ್ಯೂ ಮೆಕ್ಸಿಕೊದ ಎತ್ತರದ ಒಣನಾಡು ಅಚ್ಚರಿ ತರುತ್ತದೆ. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ, ರಾತ್ರಿ ನೀರು ಗಡ್ಡೆಕಟ್ಟುತ್ತದೆ.

ಚಳಿ ತಡೆಯುವ ಕತ್ತಾಳೆಗಳು ಬಂದಿರುವುದು ಆ ಎತ್ತರದ ನಾಡಿನಿಂದ. ಮೊದಲ ಹೆಸರು ಅಗೇವ್ ಪ್ಯಾರಿಯೈ. ಅರಿಝೋನಾ, ನ್ಯೂ ಮೆಕ್ಸಿಕೊ, ಉತ್ತರ ಮೆಕ್ಸಿಕೊದ ಬೆಟ್ಟಗಳಲ್ಲಿ ಬೆಳೆಯುವ ಈ ಗಿಡಕ್ಕೆ ಸಸ್ಯವಿಜ್ಞಾನಿ ಜಾರ್ಜ್ ಎಂಗಲ್‌ಮನ್ 1875ರಲ್ಲಿ ಹೆಸರಿಟ್ಟ, ಗಿಡಗಳನ್ನು ಸಂಗ್ರಹಿಸುತ್ತ ಅಲೆದ ಚಾರ್ಲ್ಸ್ ಪ್ಯಾರಿಯ ನೆನಪಿಗೆ. ಅದರ ಹತ್ತಿರದ ನೆಂಟ ಅಗೇವ್ ನಿಯೋಮೆಕ್ಸಿಕಾನ. ಟೆಕ್ಸಸ್‌ನ ಪಶ್ಚಿಮದ ಬೆಟ್ಟಗಳದ್ದು ಅಗೇವ್ ಹವಾರ್ಡಿಯಾನ. ಇವುಗಳಲ್ಲಿ ಎಲ್ಲಕ್ಕಿಂತ ಉತ್ತರಕ್ಕೆ ಹಬ್ಬಿರುವುದು ಅಗೇವ್ ಯೂಟಾಹೆನ್ಸಿಸ್. ಗ್ರ್ಯಾಂಡ್ ಕ್ಯಾನಿಯನ್‌ನ ಸುಣ್ಣಕಲ್ಲಿನ ಅಂಚುಗಳಲ್ಲಿ ಅಂಗೈಯಗಲದಿಂದ ಮೊಳದಗಲದವರೆಗಿನ ಗುಂಪುಗಳಾಗಿ ಕಾಣಸಿಗುತ್ತದೆ. ಈ ನಾಲ್ಕೂ ಒಣ ನೆಲದಲ್ಲಿ ಮೈನಸ್ 20 ಡಿಗ್ರಿಯ ರಾತ್ರಿಗಳನ್ನು ತಾಳಬಲ್ಲವು.

ನಮ್ಮಲ್ಲಿ ಹೆಚ್ಚಾಗಿ ಕಾಣುವ ಅಗೇವ್ ಅಮೆರಿಕಾನ ಮೈನಸ್ 8-10ರ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ನಾರಿಗಾಗಿ ಬೆಳೆಸುವ ಸಿಸಾಲ್ ಕತ್ತಾಳೆ ಅದಕ್ಕಿಂತ ಮೆದು. ಬೆಂಗಳೂರಿನ ಕೈತೋಟಗಳಲ್ಲಿ ಮುಳ್ಳಿಲ್ಲದ, ಮೆತ್ತನೆಯ ಹಸಿರೆಲೆಯ ಅಗೇವ್ ಅಟೆನುಯೇಟ ಚೆನ್ನಾಗಿ ಬರುತ್ತದಲ್ಲ, ಅದಕ್ಕಂತೂ ಒಂದು ಹಿಮದ ರಾತ್ರಿಯೇ ಸಾಕು. ಹೀಗಾಗಿ ಚಳಿನಾಡಿನಲ್ಲಿ ಕತ್ತಾಳೆ ನೆಡುವವರು ಮೊದಲು ಕೇಳಬೇಕಾದದ್ದು ಜಾತಿ. ಅಂಗಡಿಯಲ್ಲಿ ಬರೀ ಅಗೇವ್ ಎಂದು ಚೀಟಿ ಅಂಟಿಸಿ ಮಾರುವ ಗಿಡವನ್ನು ನಂಬಿ ನೆಲಕ್ಕಿಳಿಸುವುದು ವ್ಯರ್ಥ.

ಈ ಜಾತಿಗಳ ಗೋಜಲನ್ನು ಬಿಡಿಸಿದ ಶ್ರೇಯಸ್ಸು ಬಹುಮಟ್ಟಿಗೆ ಹೊವರ್ಡ್ ಸ್ಕಾಟ್ ಜೆಂಟ್ರಿ ಎಂಬ ಸಸ್ಯವಿಜ್ಞಾನಿಯದು. ಹತ್ತಾರು ವರ್ಷ ಮೆಕ್ಸಿಕೊದ ಬೆಟ್ಟ-ಕಣಿವೆ ಸುತ್ತಿ ಅವರು ಬರೆದ, ಉತ್ತರ ಅಮೆರಿಕದ ಕತ್ತಾಳೆಗಳ ಬಗೆಗಿನ ದೊಡ್ಡ ಗ್ರಂಥ 1982ರಲ್ಲಿ ಬಂತು. ಇಂದಿಗೂ ಕತ್ತಾಳೆ ಪ್ರಿಯರು ಮೊದಲು ತೆರೆಯುವುದು ಅದನ್ನೇ. ಅದರಲ್ಲಿ ಇಲ್ಲದ ಗಿಡಗಳೂ ಆಮೇಲೆ ಬೆಳಕಿಗೆ ಬಂದವು. ಮೆಕ್ಸಿಕೊದ ನುಯೆವೊ ಲಿಯೋನ್ ಬೆಟ್ಟಗಳ ಅಗಲೆಲೆಯ ಅಗೇವ್ ಒವಾಟಿಫೋಲಿಯ ವಿಜ್ಞಾನದ ದಾಖಲೆಗೆ ಸೇರಿದ್ದು 2002ರಲ್ಲಿ. ತಿಮಿಂಗಿಲದ ನಾಲಿಗೆ ಎಂದು ಕರೆಸಿಕೊಳ್ಳುವ ಅದು ಈಗ ಟೆಕ್ಸಸ್ ತೋಟಗಳ ಅಚ್ಚುಮೆಚ್ಚು.

ಎಲೆಯೊಳಗೆ ನಡೆಯುವುದು

ಕತ್ತಾಳೆಯ ಎಲೆ ನೀರಿನ ಉಗ್ರಾಣ. ಹಗಲಿನ ಬಿಸಿಲಿಗೆ ನೀರು ಆರಿಹೋಗದಿರಲೆಂದು ಅದು ತನ್ನ ಪತ್ರರಂಧ್ರಗಳನ್ನು ರಾತ್ರಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಆಮ್ಲದ ರೂಪದಲ್ಲಿ ಕೂಡಿಡುತ್ತದೆ. ಬೆಳಗಾದ ಮೇಲೆ ಬಾಗಿಲು ಮುಚ್ಚಿ, ಕೂಡಿಟ್ಟದ್ದನ್ನು ಬಿಸಿಲಲ್ಲಿ ಸಕ್ಕರೆ ಮಾಡಿಕೊಳ್ಳುತ್ತದೆ. ಬರಗಾಲಕ್ಕೆ ಇದು ಅದ್ಭುತ ಏರ್ಪಾಡು. ಚಳಿಗಾಲದಲ್ಲಿ ಮಾತ್ರ ನೀರು ತುಂಬಿದ ಎಲೆ ಅಪಾಯಕಾರಿ, ಏಕೆಂದರೆ ನೀರು ಗಡ್ಡೆಕಟ್ಟುತ್ತದೆ.

ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದಾಗ ಮಂಜುಗಡ್ಡೆ ಮೊದಲು ಹುಟ್ಟುವುದು ಜೀವಕೋಶಗಳ ನಡುವಿನ ಸಂದಿಗಳಲ್ಲಿ. ಆ ಗಡ್ಡೆ ಕೋಶದೊಳಗಿನ ನೀರನ್ನು ಮೆಲ್ಲಗೆ ಹೊರಗೆ ಎಳೆದುಕೊಳ್ಳುತ್ತದೆ. ಕೋಶ ಸೊರಗುತ್ತದೆ, ಅದರ ರಸ ಗಟ್ಟಿಯಾಗುತ್ತದೆ. ಸೊರಗಿದ ಕೋಶ ಒಂದು ಮಿತಿಯವರೆಗೆ ಬದುಕಿರುತ್ತದೆ; ಹವೆ ಬೆಚ್ಚಗಾದಾಗ ನೀರನ್ನು ಮತ್ತೆ ಹೀರಿಕೊಂಡು ಚೇತರಿಸಿಕೊಳ್ಳುತ್ತದೆ. ಮಿತಿ ಮೀರಿ ಸೊರಗಿದರೆ, ಅಥವಾ ಗಡ್ಡೆ ಕೋಶದ ಒಳಗೇ ಹುಟ್ಟಿಬಿಟ್ಟರೆ, ಪೊರೆ ಹರಿದು ಎಲ್ಲ ಮುಗಿಯುತ್ತದೆ. ಅಂಥ ಎಲೆ ಮಾರನೆಯ ದಿನ ನೀರಲ್ಲಿ ನೆನೆದ ಹಾಗೆ ಕಪ್ಪುಹಸಿರಾಗಿ ಕಾಣಿಸುತ್ತದೆ. ಒಂದೆರಡು ವಾರದಲ್ಲಿ ಕುಸಿದು ಬೀಳುತ್ತದೆ.

ಬೆಟ್ಟದ ಕತ್ತಾಳೆಗಳು ಈ ಮಿತಿಯನ್ನು ದೂರ ತಳ್ಳಲು ಕಲಿತಿವೆ. ಚಳಿ ಸಮೀಪಿಸಿದಂತೆ ಅವು ನೀರನ್ನು ಕಡಿಮೆ ಮಾಡಿಕೊಳ್ಳುತ್ತವೆ. ಎಲೆ ಕೊಂಚ ತೆಳುವಾಗುತ್ತದೆ, ಗಿಡ ಒಳಮುಖವಾಗಿ ಮುದುಡಿಕೊಳ್ಳುತ್ತದೆ. ಕೋಶದ ರಸದಲ್ಲಿ ಸಕ್ಕರೆ ಹೆಚ್ಚುತ್ತದೆ. ನೀರು ಬೇಗ ಹೆಪ್ಪುಗಟ್ಟುವ ಚಳಿಯಲ್ಲೂ ಬೆಲ್ಲದ ಪಾಕ ಗಡ್ಡೆಯಾಗದೆ ಉಳಿಯುತ್ತದಲ್ಲ, ಹಾಗೆ. ನಡುವಿನ ಸುಳಿಯಂತೂ ಇನ್ನೂ ಬಿಚ್ಚಿಕೊಳ್ಳದ ಎಲೆಗಳ ಹಲವು ಸುತ್ತುಗಳೊಳಗೆ ಭದ್ರವಾಗಿ ಅಡಗಿರುತ್ತದೆ. ಹೊರಗಿನ ನಾಲ್ಕು ಎಲೆ ಹೋದರೂ ಸುಳಿ ಉಳಿದರೆ ಗಿಡ ಉಳಿದಂತೆ.

ಮೆಲ್ಲನೆ ಬಂದ ಚಳಿ, ದಿಢೀರನೆ ಬಂದ ಚಳಿ

ಈ ತಯಾರಿ ಒಂದು ರಾತ್ರಿಯ ಕೆಲಸವಲ್ಲ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪಾರ್ಕ್ ನೋಬೆಲ್ ಕತ್ತಾಳೆ ಮತ್ತು ಪಾಪಾಸುಕಳ್ಳಿಗಳ ಜೀವನಕ್ರಮವನ್ನು ಬಹುಕಾಲ ಅಭ್ಯಾಸ ಮಾಡಿ 1988ರಲ್ಲಿ ಆ ಬಗ್ಗೆ ಪುಸ್ತಕ ಪ್ರಕಟಿಸಿದರು. ಹಗಲು-ರಾತ್ರಿಯ ಉಷ್ಣಾಂಶ ಹಂತಹಂತವಾಗಿ ಇಳಿಯುತ್ತ ಹೋದರೆ ಈ ಗಿಡಗಳ ಚಳಿ ತಾಳುವ ಶಕ್ತಿಯೂ ಹಂತಹಂತವಾಗಿ ಏರುತ್ತದೆ ಎಂಬುದು ಅಂಥ ಪ್ರಯೋಗಗಳಿಂದ ಸ್ಪಷ್ಟವಾಯಿತು. ಎಷ್ಟು ಏರುತ್ತದೆ ಎಂಬುದು ಜಾತಿಯಿಂದ ಜಾತಿಗೆ ಬೇರೆ.

ಅಂದರೆ ಅದೇ ಗಿಡ ಜನವರಿಯಲ್ಲಿ ನಿರಾಯಾಸವಾಗಿ ತಾಳುವ ಚಳಿ, ಅಕ್ಟೋಬರಿನಲ್ಲಿ ಬಂದರೆ ಅದನ್ನು ಕೊಲ್ಲಬಹುದು.

ಡೆನ್ವರ್ ಇದಕ್ಕೆ ಒಳ್ಳೆಯ ಪಾಠಶಾಲೆ. 2014ರ ನವೆಂಬರ್ 10ರಂದು ಅಲ್ಲಿ ಹಗಲು ಸುಮಾರು 18 ಡಿಗ್ರಿಯ ಹಿತವಾದ ಹವೆ ಇತ್ತು. ಮೂರು ದಿನ ಕಳೆಯುವಷ್ಟರಲ್ಲಿ ಮೈನಸ್ 25. ಚಳಿಗಾಲಕ್ಕೆ ಇನ್ನೂ ಅಣಿಯಾಗದ ಮರಗಳು ಆ ಹೊಡೆತಕ್ಕೆ ಸಿಕ್ಕವು. ಚಳಿಗೆ ಹೆಸರಾದ ಸೈಬೀರಿಯನ್ ಎಲ್ಮ್ ಮರಗಳು ಕೂಡ ಮರುವರ್ಷದ ವಸಂತದಲ್ಲಿ ಚಿಗುರಲಿಲ್ಲ. 2022ರ ಡಿಸೆಂಬರ್ 21ರ ಸಂಜೆ ಡೆನ್ವರ್ ವಿಮಾನ ನಿಲ್ದಾಣದಲ್ಲಿ ಉಷ್ಣಾಂಶ ಒಂದೇ ಗಂಟೆಯಲ್ಲಿ 20 ಡಿಗ್ರಿಯಷ್ಟು ಕುಸಿಯಿತು. ಮರುದಿನ ಮೈನಸ್ 31ಕ್ಕೆ ಮುಟ್ಟಿತು. ಆ ಸಲ ಚಳಿ ಇನ್ನೂ ತೀವ್ರವಾಗಿತ್ತಾದರೂ ತಿಂಗಳು ಡಿಸೆಂಬರ್ ಆಗಿತ್ತು, ಗಿಡಗಳಿಗೆ ಒಗ್ಗಿಕೊಳ್ಳಲು ಕೆಲವು ವಾರ ಸಿಕ್ಕಿತ್ತು.

ಟೆಕ್ಸಸ್‌ನಲ್ಲಿ 2021ರ ಫೆಬ್ರುವರಿಯಲ್ಲಿ ಆದದ್ದು ಇನ್ನೊಂದು ಬಗೆ. ಹಗುರ ಚಳಿಗಾಲಕ್ಕೆ ಒಗ್ಗಿದ ಊರುಗಳ ಮೇಲೆ ಧ್ರುವದ ಗಾಳಿ ಬಂದು ಎರಗಿತು. ಡಲ್ಲಾಸ್‌ನಲ್ಲಿ ಮೈನಸ್ 19 ದಾಖಲಾಯಿತು. ವಿದ್ಯುತ್ತಿಲ್ಲದೆ ಜನ ಮನೆಯೊಳಗೇ ನಡುಗಿದ ವಾರವದು. ಅಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳು ಅದನ್ನು ಮರೆತಿರಲಾರವು. ಆಸ್ಟಿನ್, ಸ್ಯಾನ್ ಆಂಟೋನಿಯೊದ ಬೀದಿಗಳಲ್ಲಿ ಆಳೆತ್ತರ ಬೆಳೆದಿದ್ದ ಅಗೇವ್ ಅಮೆರಿಕಾನ ಗಿಡಗಳು ಬಿಸಿಲು ಬಂದ ಮೇಲೆ ಕರಗಿ ರಾಡಿಯಾದವು. ಬೆಟ್ಟದ ಮೂಲದ ತಿಮಿಂಗಿಲದ ನಾಲಿಗೆಗಳು ಎಷ್ಟೋ ಕಡೆ ಗಾಯಗೊಂಡೂ ಬದುಕಿದವು. ಆ ವಾರದ ನಂತರ ಟೆಕ್ಸಸ್‌ನ ತೋಟಗಾರರು ಗಿಡ ಕೊಳ್ಳುವ ಮೊದಲು ಅದರ ಊರು ಕೇಳತೊಡಗಿದರು. ಕೇಳಬೇಕಾದ ಪ್ರಶ್ನೆಯೇ ಅದು.

ಸುಳಿ ಕೊಳೆಯುವುದು ಹೀಗೆ

ಇಷ್ಟೆಲ್ಲ ಹೇಳಿದ ಮೇಲೂ, ಚಳಿನಾಡಿನಲ್ಲಿ ಸಾಯುವ ಕತ್ತಾಳೆಗಳಲ್ಲಿ ಬಹಳಷ್ಟನ್ನು ಬರಿಯ ಚಳಿ ಕೊಂದಿರುವುದಿಲ್ಲ. ಚಳಿಯ ಜೊತೆಗಿದ್ದ ತೇವ ಕೊಂದಿರುತ್ತದೆ.

ಮಣ್ಣು ತಣ್ಣಗಾದಾಗ ಕತ್ತಾಳೆಯ ಬೇರು ಕೆಲಸ ನಿಲ್ಲಿಸುತ್ತದೆ. ಆಗ ಸುತ್ತ ನೀರು ನಿಂತರೆ ಬೇರು ಅದನ್ನು ಕುಡಿಯಲಾರದು, ಉಸಿರಾಡಲೂ ಆರದು. ಮಣ್ಣಿನ ಸಂದುಗಳಲ್ಲಿ ಗಾಳಿಯ ಜಾಗವನ್ನು ನೀರು ಆಕ್ರಮಿಸಿರುತ್ತದೆ. ಕೊಳೆಯ ಶಿಲೀಂಧ್ರಗಳಿಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಮೇಲ್ಗಡೆ ಎಲೆಗಳ ಬುಡದಲ್ಲಿ ಬಟ್ಟಲಿನಂತಿರುವ ಜಾಗದಲ್ಲಿ ಹಿಮ ಕರಗಿದ ನೀರು ನಿಲ್ಲುತ್ತದೆ, ರಾತ್ರಿ ಗಡ್ಡೆಯಾಗುತ್ತದೆ, ಮಧ್ಯಾಹ್ನ ಕರಗುತ್ತದೆ, ಮತ್ತೆ ಗಡ್ಡೆಯಾಗುತ್ತದೆ. ಈ ಕರಗುವ-ಹೆಪ್ಪಾಗುವ ಆಟದಲ್ಲಿ ಸುಳಿಯ ಮೆತ್ತನೆಯ ಅಂಗಾಂಶಕ್ಕೆ ಸಣ್ಣ ಗಾಯಗಳಾಗುತ್ತವೆ. ಗಾಯದೊಳಗೆ ಕೊಳೆ ಇಳಿಯುತ್ತದೆ. ತೆಂಗು-ಅಡಿಕೆಯ ಸುಳಿಕೊಳೆ ಕಂಡವರಿಗೆ ಇದರ ಗಂಭೀರತೆ ವಿವರಿಸಬೇಕಿಲ್ಲ.

ಜೊತೆಗೆ, ನೀರು ಕುಡಿದು ಉಬ್ಬಿದ ಗಿಡ ಚಳಿಗೆ ಮುನ್ನ ಮಾಡಿಕೊಳ್ಳಬೇಕಾದ ತಯಾರಿಯನ್ನೇ ಮಾಡಿಕೊಂಡಿರುವುದಿಲ್ಲ. ಅದರ ರಸ ತೆಳುವಾಗಿಯೇ ಉಳಿದಿರುತ್ತದೆ. ಆದ್ದರಿಂದ ತೇವ ಎರಡು ಕಡೆಯಿಂದ ಹೊಡೆಯುತ್ತದೆ: ಒಳಗಿನಿಂದ ದುರ್ಬಲಗೊಳಿಸಿ, ಹೊರಗಿನಿಂದ ಕೊಳೆಸಿ.

ನಕ್ಷೆಯ ಅಂಕಿ ಹೇಳದಿರುವುದು

ಅಮೆರಿಕದ ಕೃಷಿ ಇಲಾಖೆ 1960ರಿಂದ ಒಂದು ನಕ್ಷೆ ಪ್ರಕಟಿಸುತ್ತಿದೆ. ಒಂದೊಂದು ಊರಿನಲ್ಲಿ ವರ್ಷದ ಅತಿ ಚಳಿಯ ರಾತ್ರಿ ಎಷ್ಟು ಡಿಗ್ರಿಗೆ ಇಳಿಯುತ್ತದೆ ಎಂದು ಹಲವು ವರ್ಷಗಳ ಸರಾಸರಿ ತೆಗೆದು ದೇಶವನ್ನು 13 ವಲಯಗಳಾಗಿ ಹಂಚಿದ್ದಾರೆ. ಹೊಸ ಆವೃತ್ತಿ 2023ರಲ್ಲಿ ಬಂತು; 1991ರಿಂದ 2020ರವರೆಗಿನ ಮಾಹಿತಿ ಅದರ ಆಧಾರ. ಗಿಡದ ಚೀಟಿಯ ಮೇಲೆ ವಲಯ 5, ವಲಯ 7 ಎಂದು ಬರೆದಿರುವುದು ಈ ನಕ್ಷೆಯನ್ನು ನೋಡಿಯೇ. ವಲಯ 5 ಎಂದರೆ ಮೈನಸ್ 23ರಿಂದ ಮೈನಸ್ 29ರವರೆಗೆ ಇಳಿಯಬಲ್ಲ ಊರು.

ನಕ್ಷೆ ಉಪಯುಕ್ತ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ರಾತ್ರಿ ಮಣ್ಣು ಒದ್ದೆಯಿತ್ತೇ, ಚಳಿ ಎಷ್ಟು ದಿನ ನಿಂತಿತು, ಮೆಲ್ಲಗೆ ಬಂತೇ, ಮಧ್ಯಾಹ್ನ ಬಿಸಿಲಿತ್ತೇ ಎಂಬ ಯಾವುದನ್ನೂ ಅದು ಹೇಳುವುದಿಲ್ಲ. ಕತ್ತಾಳೆಗೆ ಬೇಕಾದದ್ದು ಇವೇ.

ಡೆನ್ವರ್ ಮತ್ತು ನಾರ್ತ್ ಕ್ಯಾರೊಲಿನಾದ ರಾಲಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ನಕ್ಷೆಯ ಪ್ರಕಾರ ರಾಲಿ ಎಷ್ಟೋ ಬೆಚ್ಚಗಿನ ಊರು. ಆದರೆ ಅಲ್ಲಿ ವರ್ಷಕ್ಕೆ 1,100 ಮಿಲಿಮೀಟರಿಗೂ ಹೆಚ್ಚು ಮಳೆ, ಚಳಿಗಾಲದಲ್ಲೂ ಬಿಡದೆ ಸುರಿಯುವ ಮಳೆ, ಕೆಳಗೆ ನೀರು ಹಿಡಿದಿಡುವ ಕೆಂಪು ಜೇಡಿಮಣ್ಣು. ಡೆನ್ವರ್‌ನಲ್ಲಿ ಮಳೆ-ಹಿಮ ಎಲ್ಲ ಸೇರಿ 400 ಮಿಲಿಮೀಟರ್ ಮುಟ್ಟುವುದಿಲ್ಲ. ಚಳಿಗಾಲದ ಹಿಮ ಹಗುರ, ಒಣ; ಗಾಳಿಯೂ ಒಣ; ಹಿಮ ಬಿದ್ದ ಮಾರನೆಯ ದಿನವೇ ಬಿಸಿಲು. ಡೆನ್ವರ್‌ನ ದಿಬ್ಬದಲ್ಲಿ ಮೈನಸ್ 25 ತಾಳಿದ ಅಗೇವ್ ಪ್ಯಾರಿಯೈ, ರಾಲಿಯ ಸಮತಟ್ಟಾದ ಜೇಡಿಯಲ್ಲಿ ಮೈನಸ್ 10ಕ್ಕೇ ಕೊಳೆಯಬಹುದು.

ಹಾಗೆಂದು ರಾಲಿಯವರು ಕೈಕಟ್ಟಿ ಕೂತಿಲ್ಲ. ಅಲ್ಲಿನ ಜೂನಿಪರ್ ಲೆವೆಲ್ ಸಸ್ಯೋದ್ಯಾನದ ಸ್ಥಾಪಕ ಟೋನಿ ಅವೆಂಟ್ ಹಲವಾರು ಜಾತಿಯ ಕತ್ತಾಳೆಗಳನ್ನು ಬಯಲಿನಲ್ಲಿ ನೆಟ್ಟು ಪರೀಕ್ಷಿಸಿದ್ದಾರೆ, ಜಾತಿ ಬೆರೆಸಿ ಹೊಸ ತಳಿಗಳನ್ನೂ ಪಡೆದಿದ್ದಾರೆ. ಅವರು ದಾರಿ ಕಂಡುಕೊಂಡದ್ದು ಮಣ್ಣನ್ನು ಬದಲಿಸಿ. ಸುಟ್ಟು ಉಬ್ಬಿಸಿದ ಸ್ಲೇಟ್ ಕಲ್ಲಿನ ಚೂರನ್ನು ಧಾರಾಳವಾಗಿ ಬೆರೆಸಿ, ಏರು ಮಡಿ ಕಟ್ಟಿ, ಮಳೆಯ ನೀರು ಬೇರಿನ ಬಳಿ ನಿಲ್ಲದಂತೆ ಮಾಡಿದರು.

ಡೆನ್ವರ್ ಸಸ್ಯೋದ್ಯಾನದ ಕಥೆಯೂ ಇಲ್ಲೇ ಬರಬೇಕು. 1980ರಲ್ಲಿ ಅಲ್ಲಿಗೆ ಬಂದ ಪನಾಯೋಟಿ ಕೆಲೈಡಿಸ್ ಕಲ್ಲುಬಂಡೆಗಳ ಉದ್ಯಾನವನ್ನು ರೂಪಿಸಿ, ಪ್ರಪಂಚದ ಒಣ ಬೆಟ್ಟಗಳ ಗಿಡಗಳನ್ನು ಚಳಿನಾಡಿನ ತೋಟಗಾರರಿಗೆ ಪರಿಚಯಿಸಿದವರು. ಅದೇ ಕಾಲದಲ್ಲಿ, 1981ರಲ್ಲಿ, ನಗರದ ನೀರು ಸರಬರಾಜು ಸಂಸ್ಥೆ ಡೆನ್ವರ್ ವಾಟರ್ ಕಡಿಮೆ ನೀರಿನ ತೋಟಗಾರಿಕೆಗೆ ಝೆರಿಸ್ಕೇಪ್ ಎಂಬ ಹೆಸರು ಕೊಟ್ಟು ಪ್ರಚಾರ ಶುರುಮಾಡಿತು. ಹುಲ್ಲುಹಾಸಿಗೆ ಬೇಸಿಗೆಯಿಡೀ ಕುಡಿಯುವ ನೀರು ಹರಿಸುವ ಊರಿನಲ್ಲಿ, ನೀರೇ ಕೇಳದ ಗಿಡಕ್ಕೆ ಗೌರವ ಬಂದದ್ದು ಹೀಗೆ. ಕತ್ತಾಳೆಯ ಮೇಲಿನ ಒಲವನ್ನು ವಿಚಿತ್ರ ಹವ್ಯಾಸವೆಂದು ನೋಡುವವರಿದ್ದಾರೆ. ನನಗೆ ಅದು ನೀರಿನ ವಿವೇಕವಾಗಿ ಕಾಣುತ್ತದೆ.

ದಿಬ್ಬ ಕಟ್ಟುವ ಕೆಲಸ

ಚಳಿನಾಡಿನ ಕತ್ತಾಳೆ ತೋಟದಲ್ಲಿ ಹೆಚ್ಚು ದುಡಿಮೆ ಬೇಡುವುದು ನೆಡುವುದಕ್ಕೆ ಮೊದಲಿನ ಕೆಲಸ. ಅದನ್ನು ಸರಿಯಾಗಿ ಮಾಡಿದರೆ ಮುಂದೆ ಮಾಡಬೇಕಾದದ್ದು ಕಡಿಮೆ.

ಮೊದಲು ಜಾಗ. ಡೆನ್ವರ್ ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 27 ಡಿಗ್ರಿಯಷ್ಟೇ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಅದೇ ದಿನ 53 ಡಿಗ್ರಿಗೂ ಎತ್ತರ. ಆ ಓರೆ ಬಿಸಿಲನ್ನು ನೇರವಾಗಿ ಹಿಡಿಯುವುದು ದಕ್ಷಿಣಕ್ಕೆ ಮುಖಮಾಡಿದ ಇಳಿಜಾರು. ಹಿಂದೆ ಮನೆಯ ಗೋಡೆಯೋ ದೊಡ್ಡ ಬಂಡೆಯೋ ಇದ್ದರೆ ಇನ್ನೂ ಒಳ್ಳೆಯದು. ಹಗಲು ಕಾದ ಕಲ್ಲು ರಾತ್ರಿ ಆ ಶಾಖವನ್ನು ಮೆಲ್ಲಗೆ ಬಿಟ್ಟುಕೊಡುತ್ತದೆ. ತಗ್ಗಿನ ಜಾಗ ಬೇಡವೇ ಬೇಡ. ತಣ್ಣನೆಯ ಗಾಳಿ ಭಾರ, ರಾತ್ರಿ ಇಳಿದು ತಗ್ಗಿನಲ್ಲೇ ಮಡುಗಟ್ಟುತ್ತದೆ.

ಆಮೇಲೆ ದಿಬ್ಬ. ಸುತ್ತಲಿನ ನೆಲಕ್ಕಿಂತ ಮೊಣಕಾಲೆತ್ತರ ಏರಿಸಿದರೆ ಚೆನ್ನ, ಗೇಣೆತ್ತರವಾದರೂ ಇರಲೇಬೇಕು. ಅರ್ಧಕ್ಕಿಂತ ಹೆಚ್ಚು ಪಾಲು ದಪ್ಪ ಮರಳು, ಸಣ್ಣ ಜಲ್ಲಿ, ಗರಸು. ಉಳಿದದ್ದು ಸಾಮಾನ್ಯ ಮಣ್ಣು. ಗೊಬ್ಬರ ತುಂಬಿದ ಕಪ್ಪು ಮಣ್ಣು ಇಲ್ಲಿ ಉಪಕಾರಿಯಲ್ಲ. ಅದು ತೇವ ಹಿಡಿಯುತ್ತದೆ, ಗಿಡವನ್ನು ಮೆದುವಾಗಿ ಕೊಬ್ಬಿಸುತ್ತದೆ. ಗುಂಡಿ ತೋಡಿ ಒಳಗೆ ಮಾತ್ರ ಜಲ್ಲಿ ತುಂಬುವವರಿದ್ದಾರೆ. ಸುತ್ತ ಜೇಡಿ ಇದ್ದರೆ ಆ ಗುಂಡಿ ನೀರಿನ ತೊಟ್ಟಿಯಾಗುತ್ತದೆ. ನೆಲದ ಮೇಲೆ ಕಟ್ಟಿದ ದಿಬ್ಬಕ್ಕೆ ಆ ಭಯವಿಲ್ಲ.

ನೆಡುವ ಕಾಲ ವಸಂತದ ಕೊನೆ ಅಥವಾ ಬೇಸಿಗೆಯ ಮೊದಲು. ಚಳಿ ಬರುವುದರೊಳಗೆ ಬೇರು ಹರಡಿ ಹಿಡಿತ ಕಂಡುಕೊಳ್ಳಬೇಕು. ಆಗಸ್ಟ್ ನಂತರ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಗಿಡವನ್ನು ಕುಂಡದಲ್ಲೇ ಇಟ್ಟು, ಚಳಿಗಾಲ ಒಳಗೆ ಕಳೆಸಿ, ಮುಂದಿನ ವರ್ಷ ನೆಡುವುದು ಜಾಣತನ. ನೆಡುವಾಗ ಕುಂಡದ ಹಗುರ ಗೊಬ್ಬರವನ್ನು ಬೇರಿನಿಂದ ಬಿಡಿಸಿ ತೆಗೆಯಬೇಕು. ಬುಡ ಮಣ್ಣಿನ ಮಟ್ಟಕ್ಕಿಂತ ತುಸು ಮೇಲೆಯೇ ಇರಲಿ. ಅನುಭವಿಗಳು ಗಿಡವನ್ನು ನೆಟ್ಟಗೆ ನಿಲ್ಲಿಸದೆ ಇಳಿಜಾರಿನ ಕಡೆಗೆ ಸ್ವಲ್ಪ ವಾಲಿಸಿ ನೆಡುತ್ತಾರೆ. ಸುಳಿಯಲ್ಲಿ ಬಿದ್ದ ನೀರು ನಿಲ್ಲದೆ ಹರಿದುಹೋಗಲಿ ಎಂದು. ಬೆಟ್ಟದ ಬಂಡೆಸಂದಿನಲ್ಲಿ ಹುಟ್ಟಿದ ಕತ್ತಾಳೆಯೂ ಎಷ್ಟೋ ಸಲ ಹೀಗೆ ಓರೆಯಾಗಿಯೇ ಬೆಳೆದಿರುತ್ತದೆ.

ಮೇಲೆ ಎರಡು-ಮೂರು ಅಂಗುಲ ಜಲ್ಲಿ ಹಾಸಬೇಕು. ಮರದ ಚಕ್ಕೆ, ಒಣ ಎಲೆ ಹಾಸಬಾರದು. ಬೇರೆ ಗಿಡಗಳಿಗೆ ಅವು ಒಳ್ಳೆಯ ಮುಚ್ಚಿಗೆ; ಕತ್ತಾಳೆಯ ಕುತ್ತಿಗೆಯಲ್ಲಿ ಮಾತ್ರ ತೇವ ಕಟ್ಟಿಹಾಕುತ್ತವೆ.

ಕಲ್ಲು ಮತ್ತು ಕತ್ತಾಳೆಯ ಈ ನಂಟು ಹೊಸದಲ್ಲ. ಅರಿಝೋನಾದ ಟೂಸಾನ್ ನಗರದ ಉತ್ತರಕ್ಕೆ ಮರಾನಾ ಸುತ್ತಮುತ್ತ ಇಳಿಜಾರು ಬಯಲಿನಲ್ಲಿ ಸಾವಿರಾರು ಸಣ್ಣ ಕಲ್ಲುಗುಪ್ಪೆಗಳಿವೆ. ಎಂಟುನೂರು, ಸಾವಿರ ವರ್ಷಗಳ ಹಿಂದೆ ಹೊಹೊಕಾಮ್ ಎಂದು ಕರೆಯಲಾಗುವ ಜನ ಅಲ್ಲಿ ಕತ್ತಾಳೆ ಬೆಳೆಯಲು ಜೋಡಿಸಿದವು ಅವು ಎಂದು ಪುರಾತತ್ವಜ್ಞರು ತೋರಿಸಿಕೊಟ್ಟರು. ಹತ್ತಿರದಲ್ಲೇ ಕತ್ತಾಳೆಯ ತಿರುಳನ್ನು ಬೇಯಿಸಿದ ದೊಡ್ಡ ಗುಂಡಿಗಳೂ ಸಿಕ್ಕವು. ಅಲ್ಲಿನ ಸಮಸ್ಯೆ ಹೆಚ್ಚು ನೀರಿನದಲ್ಲ, ಇಲ್ಲದ ನೀರಿನದು. ಕಲ್ಲುಗುಪ್ಪೆ ಬಿದ್ದ ಹನಿಯನ್ನು ಬೇರಿಗೆ ಇಳಿಸಿ ಆರದಂತೆ ಕಾಯುತ್ತಿತ್ತು, ಹೆಗ್ಗಣಗಳಿಂದ ಬುಡ ಉಳಿಸುತ್ತಿತ್ತು. ಬೇರೆ ಕಾರಣಕ್ಕೆ, ಬೇರೆ ಕಾಲದಲ್ಲಿ, ಅದೇ ಕಲ್ಲು. ಮೆಸ್ಕಲೆರೊ ಅಪಾಚೆ ಜನರಿಗಂತೂ ಚಳಿ ತಡೆಯುವ ಬೆಟ್ಟದ ಕತ್ತಾಳೆಯೇ ಮುಖ್ಯ ಆಹಾರಗಳಲ್ಲಿ ಒಂದಾಗಿತ್ತು. ಅವರಿಗೆ ಆ ಹೆಸರು ಬಂದದ್ದೇ ಗುಂಡಿಯಲ್ಲಿ ಹುದುಗಿಸಿ ಬೇಯಿಸಿದ ಕತ್ತಾಳೆಯ ತಿರುಳಿನಿಂದ. ತೋಟದ ಅಲಂಕಾರವಾಗುವ ಎಷ್ಟೋ ಮೊದಲು ಇದು ಊಟವಾಗಿತ್ತು ಎಂಬುದನ್ನು ಮರೆಯಬಾರದು.

ನೀರಿನ ವಿಷಯ ಬೇಗ ಮುಗಿಯುತ್ತದೆ. ಮೊದಲ ಬೇಸಿಗೆಯಲ್ಲಿ ಎಂಟು-ಹತ್ತು ದಿನಕ್ಕೊಮ್ಮೆ ಚೆನ್ನಾಗಿ ಕೊಡಿ. ಬೇಸಿಗೆಯ ಕೊನೆಗೆ ನಿಲ್ಲಿಸಿ. ಸಾರಜನಕದ ಗೊಬ್ಬರವೂ ಆಗಲೇ ನಿಲ್ಲಬೇಕು.

ಹೊದಿಕೆ ಬೇಕೇ?

ಚಿಕ್ಕ ಗಿಡಕ್ಕೆ ಬೇಕು, ಮೊದಲ ಒಂದೆರಡು ಚಳಿಗಾಲ. ಅಂಗೈಯಗಲದ ಮರಿಗೆ ದೊಡ್ಡ ಗಿಡದ ತಾಳಿಕೆ ಇರುವುದಿಲ್ಲ; ಅದರಲ್ಲಿ ಶಾಖ ಹಿಡಿದಿಡುವ ಮೈಯೇ ಕಡಿಮೆ.

ಆದರೆ ಹೊದಿಸುವ ರೀತಿಯಲ್ಲಿ ಬಹಳ ಮಂದಿ ಎಡವುತ್ತಾರೆ. ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿದರೆ ಒಳಗೆ ಬೆವರು ಕಟ್ಟುತ್ತದೆ, ಚಳಿಯಿಂದ ಉಳಿದ ಗಿಡ ಕೊಳೆಗೆ ಬಲಿಯಾಗುತ್ತದೆ. ನಾಲ್ಕು ಕಂಬ ನೆಟ್ಟು ಮೇಲೆ ಪಾರದರ್ಶಕ ತಗಡನ್ನು ಓರೆಯಾಗಿ ಕಟ್ಟಿ, ಸುತ್ತ ಗಾಳಿಯಾಡಲು ಬಿಟ್ಟರೆ ಅದು ಸರಿಯಾದ ಕೊಡೆ. ತೀರ ಕೆಟ್ಟ ರಾತ್ರಿಗಳಲ್ಲಿ ಮಾತ್ರ ಮೇಲೆ ಉಸಿರಾಡುವ ಬಟ್ಟೆ ಹೊದಿಸಿ, ಬೆಳಗ್ಗೆ ತೆಗೆಯಬೇಕು. ಒಣ ಹಿಮ ತಾನಾಗಿಯೇ ಬಿದ್ದು ಮುಚ್ಚಿದರೆ ಅದನ್ನು ಗುಡಿಸಿ ತೆಗೆಯುವ ಆತುರ ಬೇಡ. ಅದರೊಳಗೆ ಸಿಕ್ಕಿಕೊಂಡ ಗಾಳಿ ಹೊರಗಿನ ಕಡುಚಳಿಯನ್ನು ತಡೆಯುತ್ತದೆ. ಒದ್ದೆ ಹಿಮ ಸುಳಿಯಲ್ಲಿ ಕೂತರೆ ಮಾತ್ರ ತೆಗೆಯಬೇಕು.

ಇಂಗ್ಲೆಂಡಿನ ತೋಟಗಾರರಿಗೆ ಈ ಕೊಡೆ ಅನಿವಾರ್ಯ. ಅಲ್ಲಿ ಚಳಿ ಡೆನ್ವರ್‌ನ ಅರ್ಧದಷ್ಟೂ ಇಲ್ಲ. ಆದರೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ನೆಲ ಒಣಗುವುದೇ ಅಪರೂಪ. ನಾರ್ಫೋಕ್‌ನ ಈಸ್ಟ್ ರಸ್ಟನ್ ಓಲ್ಡ್ ವಿಕರೇಜ್ ತೋಟದಲ್ಲಿ ಅರಿಝೋನಾದ ಒಣಹಳ್ಳವನ್ನು ಹೋಲುವಂತೆ ಕಲ್ಲು-ಜಲ್ಲಿ ಸುರಿದು ಮರುಭೂಮಿಯ ಒಂದು ಭಾಗವನ್ನೇ ಕಟ್ಟಿದ್ದಾರೆ. ನೈಋತ್ಯದ ಸಿಲಿ ದ್ವೀಪಗಳ ಟ್ರೆಸ್ಕೊದಲ್ಲಿ 1834ರಲ್ಲಿ ದ್ವೀಪವನ್ನು ಗುತ್ತಿಗೆಗೆ ಹಿಡಿದ ಅಗಸ್ಟಸ್ ಸ್ಮಿತ್ ಹಾಕಿದ ತೋಟ ಕಡಲಿನ ಬೆಚ್ಚನೆಯ ಗಾಳಿಯಲ್ಲಿ ಒಂದೂವರೆ ಶತಮಾನ ಸೊಂಪಾಗಿ ಬೆಳೆದಿತ್ತು. 1987ರ ಜನವರಿಯ ಅಪರೂಪದ ಹಿಮ ಅದರ ಬಹುಪಾಲು ಗಿಡಗಳನ್ನು ಕೊಂದುಹಾಕಿತು. ಬೆಚ್ಚನೆಯ ಹವೆಯ ಭರವಸೆಯ ಮೇಲೆ ಕಟ್ಟಿದ ತೋಟಕ್ಕೆ ಇರುವ ಅಪಾಯ ಅದು. ಮೆಕ್ಸಿಕೊದ ಮಂಜು ಮುಸುಕಿದ ಬೆಟ್ಟಕಾಡುಗಳಿಂದ ಬಂದ ಅಗೇವ್ ಮೊಂಟಾನ ಈಗ ಬ್ರಿಟನ್ನಿನ ತೋಟಗಾರರಿಗೆ ಪ್ರಿಯವಾಗಿರುವುದು ಸಹಜ: ಅದು ಚಳಿಯೊಂದಿಗೆ ಕೊಂಚ ತೇವವನ್ನೂ ಬಲ್ಲದು.

ವಸಂತದಲ್ಲಿ ಕತ್ತರಿ ಹಿಡಿಯುವ ಮುನ್ನ

ಚಳಿಗಾಲ ಮುಗಿದಾಗ ಗಿಡ ಚೆಂದ ಕಾಣುವುದಿಲ್ಲ. ಹೊರಸುತ್ತಿನ ಎಲೆಗಳು ಕಂದಿ ಕಾಗದದಂತಾಗಿರುತ್ತವೆ, ಕೆಲವಕ್ಕೆ ಕಲೆ ಬಿದ್ದಿರುತ್ತದೆ. ಇದನ್ನು ನೋಡಿ ಸತ್ತಿತೆಂದು ಕಿತ್ತೆಸೆದವರು ಬಹಳ.

ಕಾಯಬೇಕು. ಏಪ್ರಿಲ್ ಕಳೆದು ಮೇ ಬರಲಿ. ದಪ್ಪ ಕೈಗವಸು ಹಾಕಿ ಸುಳಿಯನ್ನು ಮೆಲ್ಲಗೆ ಹಿಡಿದು ಅಲುಗಿಸಿ. ಗಟ್ಟಿಯಾಗಿದ್ದರೆ ಗಿಡಕ್ಕೆ ಜೀವವಿದೆ. ಎಳೆದೊಡನೆ ಕೈಗೆ ಬಂದು ದುರ್ವಾಸನೆ ಬಂದರೆ ಇಲ್ಲ. ಆಗಲೂ ಬುಡದ ಸುತ್ತ ಅಗೆದು ನೋಡಬೇಕು. ತಾಯಿ ಹೋದರೂ ನೆಲದೊಳಗಿನಿಂದ ಕಂದು ಹೊರಡುವುದುಂಟು. ಕತ್ತರಿಸುವಾಗ ಕಣ್ಣಿಗೆ ಕನ್ನಡಕವೂ ಇರಲಿ. ಕತ್ತಾಳೆಯ ರಸದಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ತಾಗಿದ ಚರ್ಮ ಉರಿದು ಗುಳ್ಳೆಯೇಳುತ್ತದೆ. ಮಕ್ಕಳು ಓಡಾಡುವ ದಾರಿಯ ಪಕ್ಕ ನೆಡುವುದೇ ಬೇಡ ಎನ್ನುತ್ತೇನೆ ನಾನು.

ಹೂವು, ಬೀಜ, ಮುಂದಿನ ಗಿಡ

ಇಷ್ಟು ಚಳಿಗಾಲ ದಾಟಿದ ಗಿಡ ಒಂದು ವಸಂತದಲ್ಲಿ ಇದ್ದಕ್ಕಿದ್ದಂತೆ ನಡುವಿನಿಂದ ದಪ್ಪನೆಯ ಹೂದಂಟು ಎತ್ತುತ್ತದೆ. ಅದಕ್ಕೆ ನೂರು ವರ್ಷ ಬೇಕೆಂಬ ಮಾತು ನಿಜವಲ್ಲ. ಜಾತಿ ಮತ್ತು ಜಾಗ ನೋಡಿ ಹತ್ತೋ ಇಪ್ಪತ್ತೋ ಮೂವತ್ತೋ ವರ್ಷ. ದಂಟು ಕೆಲವೇ ವಾರಗಳಲ್ಲಿ ಆಳೆತ್ತರ ಮೀರಿ ಏರುತ್ತದೆ, ಕವಲೊಡೆದು ಹಳದಿ ಹೂ ತಳೆಯುತ್ತದೆ. ದಕ್ಷಿಣದ ಬೆಟ್ಟಗಳಲ್ಲಿ ಈ ಹೂಗಳಿಗೆ ಮಕರಂದ ಹೀರುವ ಬಾವಲಿಗಳು ಬರುತ್ತವೆ. ಅಂಥ ಬಾವಲಿ ಇಲ್ಲದ ಉತ್ತರದ ಊರುಗಳಲ್ಲಿ ಜೇನು ಮತ್ತು ಹಮ್ಮಿಂಗ್‌ಬರ್ಡ್ ಹಕ್ಕಿಗಳು ಆ ಕೆಲಸ ಮಾಡುತ್ತವೆ. ಎಲೆಯಲ್ಲಿ ಕೂಡಿಟ್ಟದ್ದೆಲ್ಲ ಹೂವಿಗೆ ಖರ್ಚಾಗಿ ತಾಯಿಗಿಡ ಒಣಗುತ್ತದೆ.

ಚಳಿನಾಡಿನ ತೋಟಗಾರರಿಗೆ ಆ ಬೀಜ ಬಲು ಬೆಲೆಯುಳ್ಳದ್ದು. ತಮ್ಮದೇ ಊರಿನ ಹತ್ತಾರು ಚಳಿಗಾಲ ತಾಳಿದ ತಾಯಿಯ ಬೀಜ ಅದು. ಬೆಟ್ಟದ ತೀರ ಎತ್ತರದಲ್ಲಿ, ತೀರ ಉತ್ತರದ ಅಂಚಿನಲ್ಲಿ ಬೆಳೆದ ಗಿಡದ ಬೀಜಕ್ಕೂ ಇದೇ ಕಾರಣಕ್ಕೆ ಬೇಡಿಕೆ. ಕಾಡಿನ ಗಿಡವನ್ನೇ ಬುಡಸಮೇತ ಕಿತ್ತು ಮಾರುವವರೂ ಇದ್ದಾರೆ, ಅದಕ್ಕೆ ಕ್ಷಮೆಯಿಲ್ಲ. ಅರಿಝೋನಾ-ಸೊನೊರಾದ ಪುಟ್ಟ ಅಗೇವ್ ಪಾರ್ವಿಫ್ಲೋರವನ್ನು ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿ ಇಟ್ಟಿರುವುದು ಸುಮ್ಮನೆ ಅಲ್ಲ. ಬೀಜದಿಂದ ಬೆಳೆಸಿದ ಗಿಡ ನರ್ಸರಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಎಲ್ಲಿಯದೆಂದು ಕೇಳಿ ಕೊಂಡರೆ ಸಾಕು.

ಕಪ್ಪನೆಯ, ಚಪ್ಪಟೆಯಾದ ಬೀಜವನ್ನು ಮರಳು ಬೆರೆಸಿದ ಮಣ್ಣಿನ ಮೇಲೆ ಚೆಲ್ಲಿ, ಬೆಚ್ಚಗಿಟ್ಟರೆ ಎರಡು-ಮೂರು ವಾರದಲ್ಲಿ ಹುಲ್ಲಿನೆಸಳಿನಂಥ ಮೊಳಕೆ ಏಳುತ್ತದೆ. ಅದು ಕುಂಡದಲ್ಲಿ, ಒಳಗಿನ ಕಿಟಕಿಯ ಬಳಿ, ಮೂರು-ನಾಲ್ಕು ಚಳಿಗಾಲ ಕಳೆಯಬೇಕು. ಅಗಲ ಒಂದು ಗೇಣು ದಾಟಿದ ಮೇಲೆ ಒಂದು ಮೇ ತಿಂಗಳಲ್ಲಿ ಹೊರಗಿನ ದಿಬ್ಬಕ್ಕೆ ಇಳಿಸಬಹುದು.